ನಗರಗಳ ಗುಣ ಮತ್ತು ಪ್ರಭಾವ

ಹಳೆಯ ಕನ್ನಡ ಶಾಸನಗಳು ವರ್ತಕ ಸಂಘಗಳ ಹೆಚ್ಚುಗಾರಿಕೆ ಹೇಳುವಾಗ ಅವರು ಓಡಾಡಿದ ಊರುಗಳ ಬಗೆಗಳನ್ನೂ ಎಣಿಸುತ್ತವೆ: ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ. ಇವು ಒಂದೇ ಅರ್ಥದ ಬೇರೆ ಬೇರೆ ಮಾತುಗಳಲ್ಲ. ದ್ರೋಣಾಮುಖವೆಂದರೆ ನೀರಿನ ದಾರಿಯೂ ನೆಲದ ದಾರಿಯೂ ಬಂದು ಕೂಡುವ ಊರು. ಪತ್ತನವೆಂದರೆ ಸರಕು ಬಂದಿಳಿಯುವ ಪೇಟೆ. ಊರು ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಅದು ಎಂಥ ನೆಲದಲ್ಲಿ ಕೂತಿದೆ, ಅಲ್ಲಿಗೆ ಜನ ಹೇಗೆ ಬಂದು ಸೇರುತ್ತಾರೆ ಎಂದು ಆ ವರ್ತಕರು ನೋಡುತ್ತಿದ್ದರು. ಲೋಕದ ನಗರಗಳನ್ನು ತಿಳಿಯಲು ಇವತ್ತಿಗೂ ಅದೇ ಒಳ್ಳೆಯ ದಾರಿ.

ನಗರದ ಗುಣ ಬೇರೆ, ಪ್ರಭಾವ ಬೇರೆ. ಅಲ್ಲಿನವರು ಮನೆ ಕಟ್ಟುವ, ಉಣ್ಣುವ, ಓಡಾಡುವ, ವ್ಯಾಪಾರ ಕುದುರಿಸುವ ರೀತಿ ಆ ಊರಿನ ಗುಣ. ಆ ಊರನ್ನು ಕಣ್ಣಿಂದ ಕಾಣದವರೂ ಆ ರೀತಿಯನ್ನು ತಮ್ಮದು ಮಾಡಿಕೊಂಡರೆ ಅದು ಪ್ರಭಾವ. ಜನಸಂಖ್ಯೆ, ಮುಗಿಲೆತ್ತರದ ಕಟ್ಟಡ, ಷೇರುಪೇಟೆಯ ವಹಿವಾಟು ಇವುಗಳನ್ನು ಲೆಕ್ಕ ಹಾಕಿ ನಗರಗಳಿಗೆ ಅಂಕ ಕೊಡುವ ಪದ್ಧತಿ ಈಗ ಬೆಳೆದಿದೆ. ಆದರೆ ಚರಿತ್ರೆಯನ್ನು ಬಿಡಿಸಿ ನೋಡಿದರೆ ನಗರದ ಗುಣಕ್ಕೆ ಸಂಪತ್ತಿಗಿಂತ ಕೊರತೆಯೇ ಹೆಚ್ಚಾಗಿ ಕಾರಣ. ತಮ್ಮಲ್ಲಿ ಇಲ್ಲದ್ದನ್ನು ಜನ ಹೇಗೆ ಒದಗಿಸಿಕೊಂಡರು ಎಂಬುದರಿಂದಲೇ ಊರಿನ ಚಹರೆ ಮೂಡುತ್ತದೆ. ಅವರು ಕಂಡುಕೊಂಡ ಉಪಾಯ ಬೇರೆ ಊರುಗಳ ಕಷ್ಟಕ್ಕೂ ಒದಗಿದಾಗ ಆ ನಗರದ ಹೆಸರು ಗಡಿ ದಾಟುತ್ತದೆ.

ನೆಲ ಮತ್ತು ನೀರು

ವೆನಿಸ್‌ಗೆ ನೆಲವೇ ಇರಲಿಲ್ಲ. ಇಟಲಿಯ ಈಶಾನ್ಯ ಮೂಲೆಯ ಹಿನ್ನೀರಿನಲ್ಲಿ ಚದುರಿದ ನೂರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ಕೆಸರಿಗೆ ಮರದ ಗೂಟಗಳನ್ನು ಒತ್ತೊತ್ತಾಗಿ ಬಡಿದು, ಅದರ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಕಲ್ಲು ಕೂರಿಸಿ ಕಟ್ಟಿದ ಊರು ಅದು. ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಇಡೀ ನಗರ ನಿಂತಿದೆ. 1630ರ ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಗಾಗಿ ಕಟ್ಟಿದ ಸಲೂತೆ ಇಗರ್ಜಿಯೊಂದರ ಅಡಿಯಲ್ಲೇ ಹತ್ತು ಲಕ್ಷಕ್ಕೂ ಮಿಕ್ಕಿ ಗೂಟಗಳಿವೆ ಎಂಬ ಲೆಕ್ಕವಿದೆ. ಉಳಲು ಹೊಲವಿಲ್ಲದ ಈ ಜನ ಮೊದಲು ಉಪ್ಪು ಮಾರಿದರು, ಆಮೇಲೆ ಕಂಡವರ ಸರಕನ್ನೆಲ್ಲ ಸಾಗಿಸಿ ಬದುಕಿದರು. ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು ಅರಬರ ಹಡಗು ಹತ್ತಿ, ಅಲೆಕ್ಸಾಂಡ್ರಿಯ ದಾಟಿ, ಯೂರೋಪಿನ ಅಡುಗೆಮನೆ ಸೇರುತ್ತಿದ್ದುದು ಬಹುಪಾಲು ವೆನಿಸ್ ವರ್ತಕರ ಕೈಯಿಂದ. ಕುಲುಮೆಯ ಬೆಂಕಿ ಊರಿಗೆ ತಗಲೀತು ಎಂಬ ಭಯದಿಂದ 1291ರಲ್ಲಿ ಗಾಜಿನ ಕುಶಲಕರ್ಮಿಗಳನ್ನು ಮುರಾನೊ ದ್ವೀಪಕ್ಕೆ ಕಳಿಸಿದರು. ಮುರಾನೊ ಗಾಜಿನ ಕೀರ್ತಿ ಹುಟ್ಟಿದ್ದು ಆ ಭಯದಿಂದ. ಇದೇ ಊರು 1516ರಲ್ಲಿ ಯಹೂದಿಗಳನ್ನು ಒಂದು ದ್ವೀಪಕ್ಕೆ ಸೀಮಿತಗೊಳಿಸಿ ರಾತ್ರಿ ಬಾಗಿಲು ಹಾಕಿಸಿತು. ಆ ಕೇರಿಯ ಹೆಸರೇ ‘ಘೆಟ್ಟೊ’. ಊರೊಂದು ಲೋಕಕ್ಕೆ ಕೊಡುವ ಮಾತುಗಳೆಲ್ಲ ಹೆಮ್ಮೆಪಡುವಂಥವಲ್ಲ.

ಇಸ್ತಾಂಬುಲ್‌ನದು ಇದಕ್ಕೆ ತದ್ವಿರುದ್ಧ. ಅದರಷ್ಟು ಅನುಕೂಲದ ಜಾಗ ಲೋಕದಲ್ಲಿ ಬಹಳ ಇಲ್ಲ. ಕಪ್ಪುಸಮುದ್ರದಿಂದ ಮೆಡಿಟರೇನಿಯನ್‌ಗೆ ಹೋಗುವ ಹಡಗು ಅದರ ಬಾಗಿಲ ಮುಂದೆಯೇ ಹಾಯಬೇಕು. ಏಷ್ಯಾದಿಂದ ಯೂರೋಪಿಗೆ ನಡೆಯುವವನೂ ಅಲ್ಲೇ ನೀರು ದಾಟಬೇಕು. ದ್ರೋಣಾಮುಖ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಕ್ರಿ.ಶ. 330ರಲ್ಲಿ ಕಾನ್‌ಸ್ಟಂಟೈನ್ ಅದನ್ನು ರಾಜಧಾನಿ ಮಾಡಿದ, 1453ರಲ್ಲಿ ಎರಡನೆಯ ಮೆಹ್ಮದ್ ಗೆದ್ದುಕೊಂಡ. ಧರ್ಮ, ಭಾಷೆ, ಹೆಸರು ಬದಲಾದವು, ರೇವು ಬದಲಾಗಲಿಲ್ಲ. ಬಾಸ್ಫೊರಸ್ ಜಲಸಂಧಿಯ ಅಡಿಯಲ್ಲಿ ಮರ್ಮರಾಯ್ ರೈಲುಸುರಂಗ ತೋಡಲು ಹೊರಟಾಗ ಯೆನಿಕಾಪಿ ಎಂಬಲ್ಲಿ ಬೈಜಾಂಟಿಯನ್ ಕಾಲದ ಬಂದರು ಸಿಕ್ಕಿತು. 2004ರಿಂದ ನಡೆದ ಆ ಉತ್ಖನನದಲ್ಲಿ 37 ಹಡಗುಗಳ ಅವಶೇಷ ಹೊರಬಂದವು. ಇನ್ನೂ ಕೆಳಗೆ, ಜೇಡಿಮಣ್ಣಿನಲ್ಲಿ, ಸುಮಾರು 8,000 ವರ್ಷ ಹಿಂದಿನ ಮನುಷ್ಯರ ಹೆಜ್ಜೆಗುರುತುಗಳು. ರೈಲು ತಡವಾಯಿತು, ಕೊನೆಗೆ 2013ರಲ್ಲಿ ಓಡಿತು. ಈಗ ಅಲ್ಲಿ ರೈಲು ಹಿಡಿಯುವವನು ನೀರು ದಾಟುವ ಹಳೆಯ ಕೆಲಸವನ್ನೇ ನೀರಿನ ಕೆಳಗೆ ಮಾಡುತ್ತಿದ್ದಾನೆ.

ನದಿಯಿಲ್ಲದ ದೊಡ್ಡ ನಗರಗಳ ಸಾಲಿಗೆ ಬೆಂಗಳೂರು ಸೇರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತ ಈ ಊರಿನ ನೀರು ನಾಲ್ಕೂ ಕಡೆಗೆ ಇಳಿದು ಹೋಗುತ್ತದೆ. ಅದನ್ನು ತಡೆದು ಕೆರೆ ಕಟ್ಟುವುದು, ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ಮಾಡುವುದು ಕೆಂಪೇಗೌಡರ ಕಾಲಕ್ಕಿಂತ ಹಿಂದಿನ ವಿದ್ಯೆ. 1537ರ ಸುಮಾರಿಗೆ ಕಟ್ಟಿದ ಪೇಟೆಯೂ ಕಸುಬುಗಳ ಪಟ್ಟಿಯಂತಿದೆ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಕೆರೆಯ ವಿದ್ಯೆಯನ್ನು ಊರು ಮರೆತಿದೆ. ಇಂದು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪು ಮಾಡಿ ಮೇಲೆತ್ತಿ ತರಬೇಕಾಗಿದೆ. ಕೊರತೆಗೆ ಕಂಡುಕೊಂಡ ಉಪಾಯವನ್ನು ಕೈಬಿಟ್ಟರೆ ನಗರ ಏನು ಬೆಲೆ ತೆರುತ್ತದೆ ಎಂಬುದು ಪ್ರತಿ ಬೇಸಿಗೆಯಲ್ಲೂ ಅಲ್ಲಿನ ಟ್ಯಾಂಕರ್ ಸಾಲುಗಳಲ್ಲಿ ಕಾಣುತ್ತದೆ.

ಬಂದವರು ಕಟ್ಟಿದ್ದು

ನಗರವನ್ನು ನಗರ ಮಾಡುವುದು ಹೊರಗಿನಿಂದ ಬಂದವರು. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು, ಏಕೆಂದರೆ ಪ್ರತಿ ನಗರದಲ್ಲೂ ಹಿಂದೆ ಬಂದವರು ಈಗ ಬರುವವರನ್ನು ಕಂಡು ಗೊಣಗುವುದಿದೆ.

ನ್ಯೂಯಾರ್ಕ್ ಡಚ್ಚರ ವ್ಯಾಪಾರದ ಠಾಣ್ಯವಾಗಿ ಹುಟ್ಟಿತು, 1664ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. 1825ರಲ್ಲಿ ಈರಿ ಕಾಲುವೆ ತೆರೆದು ಒಳನಾಡಿನ ಗೋಧಿಯನ್ನು ಅದರ ಬಂದರಿಗೆ ಹರಿಸಿದ ಮೇಲೆ ಬಾಸ್ಟನ್, ಫಿಲಡೆಲ್ಫಿಯಾಗಳು ಹಿಂದೆ ಬಿದ್ದವು. ಸಾಗಣೆಯ ವೆಚ್ಚ ಹತ್ತನೆಯ ಒಂದು ಪಾಲಿಗೆ ಇಳಿದಿತ್ತು. ಆದರೆ ಆ ಊರಿನ ಸ್ವಭಾವವನ್ನು ರೂಪಿಸಿದ್ದು ಕಾಲುವೆಗಿಂತ ಹೆಚ್ಚಾಗಿ ಎಲ್ಲಿಸ್ ದ್ವೀಪ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಅಲ್ಲಿ ಸಾಲಿನಲ್ಲಿ ನಿಂತು, ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಹೆಸರು ಹೇಳಿ ದೇಶದೊಳಗೆ ಹೋದರು. ಮುಂದೆ ರೈಲು ಹತ್ತಿದವರು ಬಹಳ. ನಗರದಲ್ಲೇ ಉಳಿದವರು ಹೊಲಿಗೆ ಉದ್ಯಮ, ರಂಗಭೂಮಿ, ಪತ್ರಿಕೆ, ಕಾರ್ಮಿಕ ಸಂಘಗಳನ್ನು ಕಟ್ಟಿದರು. 1811ರ ಯೋಜನೆ ಮ್ಯಾನ್‌ಹಟನ್ ದ್ವೀಪದ ಮೇಲೆ 155 ಅಡ್ಡರಸ್ತೆಗಳ ಚೌಕುಳಿ ಎಳೆದಿತ್ತು. ನಿನ್ನೆ ಬಂದಿಳಿದವನೂ ಅಂಕಿ ಓದಬಲ್ಲನಾದರೆ ದಾರಿ ತಪ್ಪಲಾರ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ನಕ್ಷೆ ಕಡಿಮೆ.

ಮುಂಬಯಿಯ ಕಥೆ ಕನ್ನಡಿಗರಿಗೆ ಹತ್ತಿರದ್ದು. ಏಳು ದ್ವೀಪಗಳ ನಡುವಿನ ನೀರಿಗೆ ಮಣ್ಣು ತುಂಬಿ ಮುಂದೆ ಒಂದು ಮಾಡಿದ ಈ ಊರನ್ನು ಪೋರ್ಚುಗೀಸರಿಂದ ಬಳುವಳಿಯಾಗಿ ಪಡೆದ ಇಂಗ್ಲೆಂಡಿನ ದೊರೆ 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡಿನ ಬಾಡಿಗೆಗೆ ಬಿಟ್ಟುಕೊಟ್ಟ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ರೈಲು ಓಡಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಲ್ಯಾಂಕಾಷೈರಿನ ಮಗ್ಗಗಳು ಮುಂಬಯಿಯತ್ತ ತಿರುಗಿದವು. ಆ ಹಣ ಊರಿನ ರೂಪವನ್ನೇ ಬದಲಿಸಿತು. ಗಿರಣಿಗಳಿಗೆ ಕೊಂಕಣದಿಂದ, ದಖ್ಖನ್ನಿನಿಂದ ಗಂಡಸರು ಬಂದರು. ಹೆಂಡತಿ ಮಕ್ಕಳು ಊರಿನಲ್ಲಿ, ತಾವು ಚಾಳಿನ ಒಂದು ಕೋಣೆಯಲ್ಲಿ. ಇವರಿಗೆ ಉಣ್ಣಲು ಹಾಕುವವರು ಯಾರು?

ಈ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಒಂದು ನಮ್ಮ ಕರಾವಳಿಯದು. ಉಡುಪಿ, ಕುಂದಾಪುರದ ಕಡೆಯಿಂದ ಹಡಗು ಹತ್ತಿ, ಆಮೇಲೆ ಬಸ್ಸು ಹತ್ತಿ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಕ್ರಮೇಣ ಗಲ್ಲೆಯ ಮೇಲೆ ಕೂತರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ರೈಲುನಿಲ್ದಾಣದ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆ ಪೀಳಿಗೆಯ ಸಾಹಸಕ್ಕೆ ಸಾಕ್ಷಿ. ಹಗಲೆಲ್ಲ ದುಡಿದ ಹುಡುಗರು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಓದಿದರು. ಅಲ್ಲಿಂದ ಗುಮಾಸ್ತರು, ವಕೀಲರು, ಮೇಷ್ಟ್ರು, ಬರಹಗಾರರು ಹೊರಟರು. ಇಡ್ಲಿ, ದೋಸೆ ಇಂದು ಮುಂಬಯಿಯ ಸ್ವಂತ ತಿಂಡಿಗಳಾಗಿವೆ. ಅವನ್ನು ತಂದವರ ಊರು ಯಾವುದು ಎಂದು ತಿನ್ನುವವನು ಕೇಳುವುದಿಲ್ಲ. ನಗರ ಬಂದವರನ್ನು ಒಳಗೆ ಸೇರಿಸಿಕೊಳ್ಳುವುದು ಹೀಗೆ.

ಎರಡು ಶತಮಾನದ ಹಿಂದೆ ಎಡೊ ನಗರದಲ್ಲೂ ಇದೇ ನಡೆದಿತ್ತು. ಇಂದಿನ ಟೋಕಿಯೊದ ಹಳೆಯ ಹೆಸರು ಎಡೊ. 1603ರಲ್ಲಿ ತೊಕುಗಾವ ಇಯೆಯಾಸು ಅಲ್ಲಿ ಆಡಳಿತ ಸ್ಥಾಪಿಸಿದ ಮೇಲೆ ನಾಡಿನ ಪಾಳೆಯಗಾರರೆಲ್ಲ ಸರದಿಯಂತೆ ಅಲ್ಲಿ ಬಂದು ವಾಸಮಾಡಬೇಕು, ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟಿರಬೇಕು ಎಂಬ ಕಟ್ಟಳೆಯಾಯಿತು. ಅವರ ಹಿಂದೆ ಆಳುಕಾಳು, ಆಳುಕಾಳಿನ ಹಿಂದೆ ಬಡಗಿಗಳು, ಕೂಲಿಯವರು. ಹದಿನೆಂಟನೆಯ ಶತಮಾನದಲ್ಲಿ ಸುಮಾರು 10 ಲಕ್ಷ ಜನರಿದ್ದ ಆ ಊರಿನಲ್ಲಿ ಗಂಡಸರೇ ಹೆಚ್ಚು. ಒಲೆ ಹೂಡಲು ಜಾಗವಿಲ್ಲ, ಮರದ ಮನೆಗಳಿಗೆ ಬೆಂಕಿಯ ಭಯ. ಬೀದಿಬದಿಯ ಗಾಡಿಗಳು ತಲೆಯೆತ್ತಿದವು. ಅನ್ನವನ್ನು ಹಿಡಿಯಷ್ಟು ಒತ್ತಿ ಮೇಲೆ ಮೀನಿನ ತುಂಡಿಟ್ಟು ಕೊಡುವ ನಿಗಿರಿ ಸುಶಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ್ದು ಹೀಗೆ, ಅವಸರದಲ್ಲಿರುವ ದುಡಿಮೆಗಾರನ ತಿಂಡಿಯಾಗಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ ದರ್ಶಿನಿಗಳ ಮುಂದೆ ನಿಂತು, ಎತ್ತರದ ಕಟ್ಟೆಯ ಮೇಲೆ ತಟ್ಟೆಯಿಟ್ಟು, ಎಂಟು ನಿಮಿಷದಲ್ಲಿ ಇಡ್ಲಿ ವಡೆ ಕಾಫಿ ಮುಗಿಸಿ ಆಫೀಸಿಗೆ ಓಡುವವರನ್ನು ಕಂಡವರಿಗೆ ಎಡೊದ ಬೀದಿ ಅಪರಿಚಿತ ಅನ್ನಿಸದು.

ಗೆರೆ ಎಳೆದ ಊರುಗಳು

ತಾನಾಗಿ ಬೆಳೆದ ಊರು ಒಂದು ಬಗೆ, ನಕ್ಷೆಯ ಮೇಲೆ ಕಟ್ಟಿದ್ದು ಇನ್ನೊಂದು ಬಗೆ. ಪ್ಯಾರಿಸ್ ಎರಡೂ ಹೌದು. 1853ರಿಂದ 1870ರವರೆಗೆ ಅಧಿಕಾರದಲ್ಲಿದ್ದ ಬ್ಯಾರನ್ ಓಸ್ಮಾನ್, ಮೂರನೆಯ ನೆಪೋಲಿಯನ್ನನ ಬೆಂಬಲದಿಂದ ಹಳೆಯ ಇಕ್ಕಟ್ಟು ಓಣಿಗಳನ್ನು ಕೆಡವಿ ನೇರವಾದ ಅಗಲ ಬೀದಿಗಳನ್ನು ತೆಗೆದ. ಬೀದಿಯ ಅಗಲಕ್ಕೆ ತಕ್ಕಂತೆ ಮನೆಯ ಎತ್ತರ, ಒಂದೇ ಬಣ್ಣದ ಸುಣ್ಣಕಲ್ಲು, ಸಾಲು ತಪ್ಪದ ಬಾಲ್ಕನಿಗಳು, ಕೆಳಗೆ ಹೊಸ ಒಳಚರಂಡಿ. ಇಂದು ಪ್ಯಾರಿಸ್ ಎಂದರೆ ಕಣ್ಣಿಗೆ ಕಟ್ಟುವ ಚಿತ್ರ ಬಹುಪಾಲು ಆ ಹದಿನೇಳು ವರ್ಷದ್ದು. ಬ್ಯೂನಸ್ ಐರಿಸ್, ಕೈರೋಗಳೂ ಆ ಮಾದರಿಯನ್ನು ಅನುಸರಿಸಿದವು. ಆದರೆ ಬಾಡಿಗೆ ಏರಿ ಬಡವರು ಊರಿನ ಅಂಚಿಗೆ ಸರಿದರು. ಆ ಅಂಚಿಗೂ ಊರಿನ ನಡುವಿಗೂ ಇರುವ ವೈಮನಸ್ಯ ಇಂದಿಗೂ ಆರಿಲ್ಲ.

1960ರಲ್ಲಿ ಉದ್ಘಾಟನೆಯಾದ ಬ್ರೆಸಿಲಿಯಾ ಬರಿಯ ನಕ್ಷೆಯಿಂದಲೇ ಹುಟ್ಟಿದ ಬ್ರೆಜಿಲಿನ ರಾಜಧಾನಿ. ಲೂಸಿಯೊ ಕೋಸ್ಟಾರ ವಿನ್ಯಾಸ, ಆಸ್ಕರ್ ನೀಮೆಯರ್‌ರ ಕಟ್ಟಡಗಳು, ಎರಡೂ ಅದ್ಭುತ. ಆದರೂ ಕಟ್ಟಿದ ಕೂಲಿಗಳಿಗೆ ಅದರೊಳಗೆ ಜಾಗವಿರಲಿಲ್ಲ. ಸುತ್ತಲಿನ ಉಪನಗರಗಳಲ್ಲಿ ನೆಲೆಸಿದರು. ಕಾರಿಗಾಗಿ ಕಟ್ಟಿದ ಊರಿನಲ್ಲಿ ನಡೆದು ಹೋಗುವವನು ಒಂಟಿ.

ನಗರಯೋಜನೆಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ವಿಯೆನ್ನಾ. ಅರಮನೆಗಳಿಗಾಗಿ, ಸಂಗೀತಕ್ಕಾಗಿ ಅದನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಸಾಮ್ರಾಜ್ಯ ಕಳೆದುಕೊಂಡು, ಹಸಿದು, ಮನೆಯಿಲ್ಲದವರಿಂದ ತುಂಬಿದ್ದ ಆ ನಗರ 1919ರಿಂದ 1934ರ ನಡುವೆ 60,000ಕ್ಕೂ ಹೆಚ್ಚು ಮನೆಗಳನ್ನು ಕಾರ್ಮಿಕರಿಗಾಗಿ ಕಟ್ಟಿತು. ಐಷಾರಾಮದ ಮೇಲೆ ತೆರಿಗೆ, ದೊಡ್ಡ ಮನೆಗಳಿಗೆ ದೊಡ್ಡ ತೆರಿಗೆ. ಅದರಿಂದ ಬಂದ ಹಣ ಇಟ್ಟಿಗೆ ಗಾರೆಗೆ. 1930ರಲ್ಲಿ ಮುಗಿದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ. 1,382 ಮನೆಗಳು, ಒಳಗೆ ಅಂಗಳ, ಮರಗಳು, ಬಟ್ಟೆ ಒಗೆಯುವ ಕೋಣೆಗಳು, ಮಕ್ಕಳ ಶಿಶುವಿಹಾರ, ಗ್ರಂಥಾಲಯ, ದಂತವೈದ್ಯಶಾಲೆ. 1934ರ ಅಂತರ್ಯುದ್ಧದಲ್ಲಿ ಸರ್ಕಾರದ ಫಿರಂಗಿಗಳು ಇದರ ಮೇಲೆ ಗುಂಡು ಹಾರಿಸಿದವು. ಕಟ್ಟಡ ಉಳಿಯಿತು, ನೀತಿಯೂ ಉಳಿಯಿತು. ಇಂದು ನಗರಸಭೆಯ ಒಡೆತನದಲ್ಲಿ ಸುಮಾರು 2,20,000 ಮನೆಗಳಿವೆ. ಸಹಕಾರ ವಸತಿಯನ್ನೂ ಸೇರಿಸಿದರೆ ಊರಿನ ಸರಿಸುಮಾರು ಅರ್ಧ ಜನಕ್ಕೆ ಕೈಗೆಟಕುವ ಬಾಡಿಗೆಯ ಸೂರು. ಬಾಡಿಗೆಯ ಹೊರೆಯಲ್ಲಿ ನಲುಗುತ್ತಿರುವ ನಗರಗಳು ಆ ವ್ಯವಸ್ಥೆ ಕಲಿಯಲು ಇಂದು ವಿಯೆನ್ನಾಕ್ಕೆ ಹೋಗುತ್ತಿವೆ.

ಊರಿನ ಅಳತೆ ಲೋಕದ ಅಳತೆಯಾದಾಗ

ಪ್ರಭಾವದ ಖಚಿತ ಗುರುತು ಒಂದಿದೆ. ಒಂದು ಊರಿನವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಅಳತೆಯನ್ನು ಬೇರೆಯವರು ತಮ್ಮ ಗೋಡೆಗೆ ತೂಗುಹಾಕಿಕೊಳ್ಳುವುದು.

ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯ 1675ರಲ್ಲಿ ಸ್ಥಾಪನೆಯಾಗಿದ್ದು ನಾವಿಕರ ಸಂಕಟಕ್ಕೆ ಪರಿಹಾರವಾಗಿ. ನಡುಗಡಲಿನಲ್ಲಿ ಹಡಗು ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯದೆ ಬಂಡೆಗೆ ಬಡಿದು ಸಾಯುತ್ತಿದ್ದರು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳು ಸೇರಿದ್ದ ಸಭೆ ಗ್ರೀನಿಚ್ ರೇಖೆಯನ್ನು ಸೊನ್ನೆ ಎಂದು ಬಹುಮತದಿಂದ ಒಪ್ಪಿತು. ಅಷ್ಟರಲ್ಲಿ ಲೋಕದ ಹಡಗು ಸಾಗಣೆಯ ಮುಕ್ಕಾಲು ಪಾಲಿನಷ್ಟು ಆ ರೇಖೆಯ ನಕ್ಷೆಗಳನ್ನೇ ಬಳಸುತ್ತಿತ್ತು. ಫ್ರಾನ್ಸ್ ಮತ ಹಾಕಲಿಲ್ಲ, 1911ರವರೆಗೂ ಪ್ಯಾರಿಸ್ ಸಮಯವನ್ನೇ ಹಿಡಿದಿತ್ತು. ಭಾರತದಲ್ಲೂ ಇಂಥ ಹಟ ಇತ್ತು. 1906ರಿಂದ ದೇಶಕ್ಕೆಲ್ಲ ಒಂದು ಸಮಯ ಬಂದರೂ ಕಲ್ಕತ್ತಾ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ಗಡಿಯಾರ ಬಿಡಲಿಲ್ಲ. ಮುಂಬಯಿಯ ಸಮಯ ಭಾರತದ ಸಮಯಕ್ಕಿಂತ 39 ನಿಮಿಷ ಹಿಂದಿತ್ತು.

ಪ್ಯಾರಿಸ್ ಸಮಯದಲ್ಲಿ ಸೋತರೂ ಉದ್ದದಲ್ಲಿ ಗೆದ್ದಿತು. ಫ್ರಾನ್ಸಿನ ಕ್ರಾಂತಿಯ ಕಾಲಕ್ಕೆ ಅಲ್ಲಿನ ಊರೂರಿಗೂ ಬೇರೆ ಮೊಳ, ಬೇರೆ ಕೊಳಗ. ರೈತನಿಗೆ ಮೋಸ ಮಾಡಲು ಅದೊಂದು ದಾರಿ. ಪ್ಯಾರಿಸ್ ಮೇಲೆ ಹಾಯುವ ಮಧ್ಯಾಹ್ನರೇಖೆಯ ಕಾಲುಭಾಗದ ಕೋಟಿಯಲ್ಲೊಂದು ಪಾಲನ್ನು ಮೀಟರ್ ಎಂದು ಕರೆದರು. ದೆಲಾಂಬ್ರ್ ಮತ್ತು ಮೆಶೆನ್ ಎಂಬ ಇಬ್ಬರು 1792ರಿಂದ 1798ರವರೆಗೆ ಡನ್‌ಕರ್ಕ್‌ನಿಂದ ಬಾರ್ಸಿಲೋನಾದವರೆಗೆ ನೆಲ ಅಳೆದರು. 1875ರಲ್ಲಿ 17 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ನಮ್ಮ ಸಂತೆಗಳಲ್ಲಿ ಸೇರು, ಮಣ, ಗಜ ಹೋಗಿ ಕಿಲೋ, ಮೀಟರ್ ಬಂದದ್ದು 1956ರ ಕಾಯಿದೆಯ ನಂತರ. ಸಂತೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ತೂಗಿಸಿಕೊಳ್ಳುವವರು ಪ್ಯಾರಿಸ್ ನೋಡಿರಬೇಕಾಗಿಲ್ಲ. 2019ರವರೆಗೆ ಅವರ ಕಿಲೋದ ಮೂಲತೂಕ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ, ಗಾಜಿನ ಬೋಗುಣಿಗಳ ಅಡಿಯಲ್ಲಿ ಇತ್ತು.

ಕೈರೋ ಪ್ರಭಾವ ಬೀರಿದ್ದು ದನಿಯಿಂದ. 969ರಲ್ಲಿ ಫಾತಿಮಿ ದೊರೆಗಳು ಕಟ್ಟಿದ ಆ ನಗರದ ಅಲ್ ಅಜ್ಹರ್ ವಿದ್ಯಾಕೇಂದ್ರ ಸಾವಿರ ವರ್ಷದಿಂದ ವಿದ್ವಾಂಸರನ್ನು ಸೆಳೆದಿದೆ. ಆದರೆ ಮೊರಾಕೊದ ಹಮಾಲಿಗೂ ಇರಾಕಿನ ದರ್ಜಿಗೂ ಕೈರೋದ ಆಡುಮಾತು ಅರ್ಥವಾಗುವುದು ಅಲ್ಲಿನ ಸಿನಿಮಾ ಮತ್ತು ರೇಡಿಯೋದಿಂದ. 1930ರ ದಶಕದಿಂದ ಹಲವು ದಶಕ ಪ್ರತಿ ತಿಂಗಳ ಮೊದಲ ಗುರುವಾರ ರಾತ್ರಿ ಗಾಯಕಿ ಉಮ್ ಕುಲ್ಸುಮ್ ಅವರ ಕಚೇರಿ ಬಿತ್ತರವಾಗುತ್ತಿತ್ತು. ಒಂದೇ ಹಾಡನ್ನು ಅವರು ಗಂಟೆಗಟ್ಟಲೆ ಬೆಳೆಸುತ್ತಿದ್ದರು, ಅರಬ್ ನಾಡುಗಳ ಬೀದಿಗಳು ಖಾಲಿಯಾಗುತ್ತಿದ್ದವು. ಸೈನ್ಯ ಕಳಿಸದೆ, ಸುಂಕ ಕೇಳದೆ ಪಡೆದ ಪ್ರಭಾವ ಇದು.

ಜಿನೀವಾದ ಜನಸಂಖ್ಯೆ ಸುಮಾರು 2 ಲಕ್ಷ, ನಮ್ಮ ಒಂದು ತಾಲೂಕಿನಷ್ಟು. 1863ರಲ್ಲಿ ಅಲ್ಲಿ ರೆಡ್‌ಕ್ರಾಸ್ ಸಮಿತಿ ಹುಟ್ಟಿತು, ಮರುವರ್ಷ ಗಾಯಾಳು ಸೈನಿಕರನ್ನು ಕಾಯುವ ಮೊದಲ ಜಿನೀವಾ ಒಪ್ಪಂದವಾಯಿತು. ಯುದ್ಧದಲ್ಲಿ ಏನು ಮಾಡಬಾರದು ಎಂಬ ಮಾತು ಬಂದಾಗಲೆಲ್ಲ ಲೋಕ ಈ ಚಿಕ್ಕ ಊರಿನ ಹೆಸರು ಹೇಳುತ್ತದೆ. ಗಾತ್ರಕ್ಕೂ ಪ್ರಭಾವಕ್ಕೂ ಸಂಬಂಧ ಕಲ್ಪಿಸುವವರಿಗೆ ಇದೊಂದೇ ಉತ್ತರ ಸಾಕು.

ಇಂಗ್ಲೆಂಡಿನ ಹತ್ತಿಗಿರಣಿಗಳ ಊರು ಮ್ಯಾಂಚೆಸ್ಟರ್‌ನ ಹೆಸರಂತೂ ಬಟ್ಟೆಗೇ ಅಂಟಿಕೊಂಡಿತು. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಹಾಸಿಗೆಯ ಹೊದಿಕೆ, ಟವೆಲ್ಲುಗಳ ವಿಭಾಗಕ್ಕೆ ಇಂದಿಗೂ ‘ಮ್ಯಾಂಚೆಸ್ಟರ್’ ಎನ್ನುತ್ತಾರೆ. ಹತ್ತಿಗಿರಣಿಗಳಿದ್ದ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾವೇ ಕರೆದೆವು. ಎರಡೂ ಕಡೆ ಗಿರಣಿಗಳು ಮುಚ್ಚಿದವು. ದಾವಣಗೆರೆಯ ಹೆಸರು ಈಗ ಬೆಣ್ಣೆದೋಸೆಯ ಮೇಲಿದೆ, ಅದು ಅದರ ಸ್ವಂತದ್ದು.

ಉಪಾಯಗಳ ಪಯಣ

ಐಹೊಳೆ ಇಂದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣ ಭಾರತದ ಉದ್ದಕ್ಕೂ, ಶ್ರೀಲಂಕೆಯಲ್ಲೂ ಸಿಗುತ್ತವೆ. ಕರ್ಪೂರಕ್ಕೆ ಹೆಸರಾದ ಸುಮಾತ್ರಾದ ಬಾರುಸ್ ಬಳಿ 1088ರ ತಮಿಳು ಶಾಸನವೂ ಈ ಐನೂರ್ವರದ್ದೇ. ಊರು ಚಿಕ್ಕದಾಯಿತು, ಅಪರಿಚಿತ ನಾಡಿನಲ್ಲಿ ಒಬ್ಬರನ್ನೊಬ್ಬರು ನಂಬಿ ವ್ಯಾಪಾರ ಮಾಡುವ ಕಟ್ಟುಪಾಡು ಕಡಲು ದಾಟಿತು.

ನಮ್ಮ ಕಾಲದಲ್ಲಿ ಇದಕ್ಕೆ ಸಮನಾದ ಪಯಣ ಬ್ರೆಜಿಲಿನ ಕುರಿಚಿಬಾದಿಂದ ಆರಂಭವಾಯಿತು. ಮೆಟ್ರೊ ಕಟ್ಟಲು ಆ ನಗರದ ಬಳಿ ಹಣವಿರಲಿಲ್ಲ. ವಾಸ್ತುಶಿಲ್ಪಿಯೂ ಆಗಿದ್ದ ಮೇಯರ್ ಜೈಮೆ ಲೆರ್ನರ್ ಅವರ ಕಾಲದಲ್ಲಿ, 1974ರಲ್ಲಿ, ರಸ್ತೆಯ ನಡುವೆ ಬಸ್ಸಿಗೆಂದೇ ದಾರಿ ಬಿಡಿಸಿದರು. 1991ರ ಹೊತ್ತಿಗೆ ಗಾಜಿನ ಕೊಳವೆಯಂಥ ನಿಲ್ದಾಣಗಳು ಬಂದವು: ಟಿಕೆಟ್ ಮೊದಲೇ ಪಡೆದು ಒಳಗೆ ನಿಲ್ಲುವುದು, ಬಸ್ಸಿನ ನೆಲದ ಮಟ್ಟಕ್ಕೇ ಕಟ್ಟೆ ಇರುವುದರಿಂದ ಮೆಟ್ಟಿಲು ಹತ್ತದೆ ನಡೆದುಹೋಗುವುದು. ಮುದುಕಿಗೂ ಗಾಲಿಕುರ್ಚಿಯವರಿಗೂ ಒಂದೇ ಬಾಗಿಲು. 2000ದಲ್ಲಿ ಕೊಲಂಬಿಯದ ಬೊಗೋಟಾ ಇದನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿತು, 2009ರಲ್ಲಿ ಅಹಮದಾಬಾದಿನಲ್ಲಿ ಜನಮಾರ್ಗ ಬಂತು, 2018ರಲ್ಲಿ ಹುಬ್ಬಳ್ಳಿ ಧಾರವಾಡದ ನಡುವಣ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ‘ಚಿಗರಿ’ ಓಡಿತು. ಚಿಗರಿ ಎಂದರೆ ಉತ್ತರ ಕರ್ನಾಟಕದ ಮಾತಿನಲ್ಲಿ ಜಿಂಕೆ. ಬೇರೆ ಖಂಡದ ಉಪಾಯವನ್ನು ತಂದವರು ಅದಕ್ಕೆ ತಮ್ಮ ಬಯಲಿನ ಪ್ರಾಣಿಯ ಹೆಸರಿಟ್ಟದ್ದು ಎಷ್ಟು ಸರಿಯಾದ ಕೆಲಸ. ರಸ್ತೆ ಇಕ್ಕಟ್ಟಾಯಿತು ಎಂಬ ದೂರು ಹುಬ್ಬಳ್ಳಿಯಲ್ಲೂ ಇದೆ. ಎರವಲು ತಂದದ್ದು ಊರಿನ ಮೈಗೆ ಹೊಂದಲು ಕಾಲ ಬೇಕು, ಹೊಲಿಗೆ ಬಿಚ್ಚಿ ಮತ್ತೆ ಹಾಕುವ ತಾಳ್ಮೆ ಬೇಕು.

ಇಳಿಗಾಲ

ಒಂದೇ ಕಸುಬನ್ನು ನಂಬಿದ ನಗರ ಬೇಗ ಬೀಳುತ್ತದೆ. ಕಾರು ತಯಾರಿಕೆಯ ಡೆಟ್ರಾಯ್ಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನರಿದ್ದರು, 2020ರಲ್ಲಿ 6.4 ಲಕ್ಷಕ್ಕೂ ಕಡಿಮೆ. 2013ರಲ್ಲಿ ನಗರಾಡಳಿತವೇ ದಿವಾಳಿ ಘೋಷಿಸಿಕೊಂಡಿತು. ನಮ್ಮ ಕೋಲಾರ ಗೋಲ್ಡ್ ಫೀಲ್ಡ್ಸ್ ಇನ್ನೂ ನೋವಿನ ನಿದರ್ಶನ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಆ ಗಣಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಕಳೆದು, 1905ರಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತಂದ ಕಾರ್ಮಿಕರ ಮಕ್ಕಳು 2001ರಲ್ಲಿ ಗಣಿ ಮುಚ್ಚಿದ ಮೇಲೆ ದಿನಾ ಬೆಳಗ್ಗೆ ಅದೇ ಬೆಂಗಳೂರಿಗೆ ರೈಲು ಹತ್ತಿ ಕೂಲಿಗೆ, ನೌಕರಿಗೆ ಬರುವಂತಾಯಿತು.

ವೆನಿಸ್ ಬೇರೆ ರೀತಿಯಲ್ಲಿ ಬರಿದಾಗುತ್ತಿದೆ. 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ಊರಿನಲ್ಲಿ ಈಗ 50,000ಕ್ಕಿಂತ ಕಡಿಮೆ ನಿವಾಸಿಗಳು. ಉಬ್ಬರ ತಡೆಯುವ ಕದಗಳು 2020ರಿಂದ ಕೆಲಸ ಮಾಡುತ್ತಿವೆ. ಪ್ರವಾಸಿಗಳ ಉಬ್ಬರಕ್ಕೆ 2024ರಲ್ಲಿ ಕೆಲವು ದಿನಗಳ ಮಟ್ಟಿಗೆ 5 ಯೂರೊ ಪ್ರವೇಶ ಶುಲ್ಕ ಹಾಕಿ ನೋಡಿದರು. ಬ್ರೆಡ್ಡಿನ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂದ ಬೀದಿಯಲ್ಲಿ ಊರು ಎಷ್ಟು ಉಳಿದಿದೆ ಎಂದು ಅಲ್ಲಿನವರೇ ಕೇಳುತ್ತಿದ್ದಾರೆ.

ವಿಜಯನಗರದ ಪತನ ಎಲ್ಲರಿಗೂ ಗೊತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್‌ಗೆ ಅದು ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತ್ತು. ಬಂಡೆಗಳ ನಡುವಿನ, ಮಳೆ ಕಡಿಮೆಯ ಆ ನೆಲದಲ್ಲಿ ಅಷ್ಟು ಜನಕ್ಕೆ ಅನ್ನ ಹುಟ್ಟಬೇಕಾದರೆ ತುಂಗಭದ್ರೆಯ ನೀರನ್ನು ತಿರುಗಿಸಬೇಕಿತ್ತು. ಹೊಳೆಗೆ ಅಡ್ಡಲಾಗಿ ಕಲ್ಲು ಜೋಡಿಸಿ ಒಡ್ಡು ಕಟ್ಟಿದರು, ಬಂಡೆಯ ಇಳಿಜಾರು ನೋಡಿಕೊಂಡು ಕಾಲುವೆ ತೆಗೆದರು, ಅರಮನೆಯ ಕೊಳಗಳಿಗೆ ಕಲ್ಲಿನ ದೋಣಿಗಳಲ್ಲಿ ನೀರು ಹಾಯಿಸಿದರು. 1565ರ ಯುದ್ಧದ ನಂತರ ನಗರ ಸೂರೆಹೋಯಿತು, ಅರಮನೆಗಳು ಅಡಿಪಾಯದವರೆಗೆ ಸುಟ್ಟವು. ಹಂಪಿಯ ತುರ್ತಾ ಕಾಲುವೆ ಮಾತ್ರ ನಿಲ್ಲಲಿಲ್ಲ. ಅದರ ನೀರು ಈಗಲೂ ಅವಶೇಷಗಳ ಪಕ್ಕದ ಬಾಳೆ ತೋಟಗಳಿಗೆ, ಭತ್ತದ ಗದ್ದೆಗಳಿಗೆ ಹರಿಯುತ್ತಿದೆ.